ಉದ್ಘಾಟನೆಗೊಬ್ಬ ರೋಗಿ

"ರೋಗಿ ಬೇಕು ದೊನ್ಯಾ ತೊಮಾಸಾ. ಆದ್ರೆ ನೋಡೋಕೆ ತೀರಾ ರೋಗಿ ಥರ ಇರಬಾರ್ದು," ಎನ್ನುತ್ತ ಸರ್ಕಾರಿ ಸಮಾರಂಭಗಳ ಉಸ್ತುವಾರಿಯ ಒಲ್ವೇರಾ ಸಾಹೇಬ ಇನ್ನೊಂದು ತೊರ್ತಿಯಾ ರೊಟ್ಟಿ ಹರಿದು ಕರಿ ಬೀನ್ಸಿನ ಗೊಜ್ಜಿಗೆ ಅದ್ದಿದ.

ತೊಮಾಸಾ ಒಲೆಯ ಮುಂದೆ ನಿಂತು ಮತ್ತೊಂದನ್ನು ಕಾವಲಿಯ ಮೇಲೆ ಮಗುಚಿದಳು. ಸಾನ್ ಬಾರ್ತೊಲೊದ ಇಟ್ಟಿಗೆ ಗೂಡುಗಳ ಕಾಲನಿಯಲ್ಲಿ ಸರ್ಕಾರದ ಗಾಡಿ ನಿಲ್ಲುತ್ತಿದ್ದುದು ಈ ಒಂದೇ ಮನೆಯ ಮುಂದೆ. ಗವರ್ನರ್ ಬರಲಿ, ಗವರ್ನರ್ ಹೆಂಡತಿ ಬರಲಿ, ಸೇತುವೆಗೆ ಕಲ್ಲಿಡಲಿ, ಇಟ್ಟ ಕಲ್ಲಿಗೆ ಮತ್ತೆ ಹಾರ ಹಾಕಲಿ, ಬಸ್ಸು ತುಂಬಿಸಿ ಕಳಿಸುವವಳು ತೊಮಾಸಾ. ಬಂದವರಿಗೆ ಹ್ಯಾಮ್ ಇಟ್ಟ ಒಂದು ಬನ್ನು, ಒಂದು ಜ್ಯೂಸು, ತಲೆಗೊಂದು ಟೋಪಿ. ಅವಳು ಕೈಯೆತ್ತಿದರೆ ಚಪ್ಪಾಳೆ, ಇಳಿಸಿದರೆ ಮೌನ. ಪುಕ್ಕಟೆಯಾಗೇನೂ ಮಾಡಿರಲಿಲ್ಲ ಅವಳು. ಕಾಲನಿಗೆ ನಲ್ಲಿ ಬಂದದ್ದು ಹಾಗೆ, ಬೀದಿ ದೀಪ ಬಂದದ್ದು ಹಾಗೆ. ಒಬ್ಬೊಬ್ಬ ಗವರ್ನರಿಗೂ ಅಂಗೈ ಕೆಂಪಾಗುವಂತೆ ತಟ್ಟಿಸಿ ತಟ್ಟಿಸಿ ತಂದ ನಲ್ಲಿ ಅದು. ನೀರು ಮಾತ್ರ ಅದಕ್ಕೆ ಮನಸ್ಸು ಬಂದ ದಿನ ಬರುತ್ತಿತ್ತು.

"ಎಂಥಾ ರೋಗ ಆಗ್ಬೇಕು ಸಾಹೇಬ್ರೆ?"

"ಕಿಡ್ನಿ. ಹೊಸ ಆಸ್ಪತ್ರೆಲಿ ಡಯಾಲಿಸಿಸ್ ವಾರ್ಡ್ ಶುರು. ಗುರುವಾರ ಗವರ್ನರ್ ತಾವೇ ಬಂದು ಗುಂಡಿ ಒತ್ತುತಾರೆ. ವಯಸ್ಸು ಚಿಕ್ಕದಿರ್ಲಿ, ಸಂಸಾರಸ್ಥ ಆಗಿರ್ಲಿ. ಹಲ್ಲು ಚೆನ್ನಾಗಿರ್ಲಿ."

ಹಗಲೆಲ್ಲ ಬೆಂಕಿಯ ಮುಂದೆ ಬೆವರಿ, ಬಾವಿಯ ಉಪ್ಪುನೀರು ಕುಡಿದು ಇಟ್ಟಿಗೆ ಸುಡುವ ಊರಿನಲ್ಲಿ ಕಿಡ್ನಿ ಕೆಟ್ಟವರಿಗೇನು ಬರ? ತೊಮಾಸಾ ಹಿಂದೆ ತಿರುಗಿ ನೋಡಿದಳು. ಅಂಗಳದ ನೆರಳಲ್ಲಿ ಅವಳ ಒಬ್ಬನೇ ಮಗ ಎವರಾರ್ದೊ ಕಾಲು ಚಾಚಿ ಕೂತಿದ್ದ. ಮಣ್ಣು ತುಳಿದು ಬೆಳೆದ ಕಾಲು ಈಗ ಊದಿಕೊಂಡು ಚಪ್ಪಲಿಗೆ ಹಿಡಿಸುತ್ತಿರಲಿಲ್ಲ. ವಾರಕ್ಕೆ ಎರಡು ಸಲ ಮೂರು ಗಂಟೆ ಬಸ್ಸಿನಲ್ಲಿ ಕೂತು ರಾಜಧಾನಿಯ ದೊಡ್ಡಾಸ್ಪತ್ರೆಗೆ ಹೋಗಿ ರಕ್ತ ತೊಳೆಸಿಕೊಂಡು ಬರುತ್ತಿದ್ದ. ಮರಳಿ ಬರುವಾಗ ಬಸ್ಸಿನಲ್ಲೇ ವಾಂತಿ. ಹಲ್ಲು ಮಾತ್ರ ಇನ್ನೂ ಚೆನ್ನಾಗಿದ್ದವು.

"ನಮ್ಮನೇಲೇ ಇದ್ದಾನಲ್ಲ ಸಾಹೇಬ್ರೆ," ಎಂದಳು ತೊಮಾಸಾ.

ಸೊಸೆ ಯೆಸೆನಿಯಾ ಮೂಲೆಯಲ್ಲಿ ಮಾವಿನಹಣ್ಣು ಹೆಚ್ಚುತ್ತಿದ್ದಳು. ಶಾಲೆಯ ಗೇಟಿನಲ್ಲಿ ಅದಕ್ಕೆ ಖಾರದ ಪುಡಿ ಉದುರಿಸಿ ಮಾರುವುದು ಅವಳ ಕೆಲಸ. ಚಾಕು ನಿಂತಿತು. "ಗುರುವಾರ ಅವರಿಗೆ ರಾಜಧಾನೀಲಿ ಪಾಳಿ ಇದೆ ಅತ್ತೆ."

"ಒಂದು ಪಾಳಿ ತಾನೆ? ಇಲ್ಲೇ ಆಗುತ್ತಲ್ಲ. ಮನೆ ಬಾಗ್ಲಲ್ಲಿ."

"ಆಗುತ್ತೆ ಅಂತ ಯಾರು ಹೇಳಿದ್ರು?"

"ಗವರ್ನರ್ ಗುಂಡಿ ಒತ್ತಿದ ಮೇಲೆ ಮಿಷನ್ ತಿರುಗದೆ ಇರುತ್ತೇನಮ್ಮ?" ಒಲ್ವೇರಾ ನಕ್ಕ. ಸಾಹೇಬ ನಕ್ಕನೆಂದು ತೊಮಾಸಾ ನಕ್ಕಳು. ಯೆಸೆನಿಯಾ ನಗಲಿಲ್ಲ.

"ಹೋದ ಗವರ್ನರೂ ಇದೇ ಆಸ್ಪತ್ರೆ ಉದ್ಘಾಟನೆ ಮಾಡಿದ್ರಲ್ಲ ಸಾಹೇಬ್ರೆ. ಆಗ ಅದಕ್ಕೆ ಬಾಗ್ಲೇ ಇರ್ಲಿಲ್ಲ."

"ಈಗ ಬಾಗ್ಲು ಹಾಕ್ಸಿದೀವಿ," ಎಂದ ಒಲ್ವೇರಾ.

ಅಂಗಳದಿಂದ ಎವರಾರ್ದೊ ಕೂಗಿದ: "ನಾನು ಹೋಗ್ತೀನಿ ಯೆಸೆ. ಆ ಬಸ್ಸಿನ ವಾಸನೆ ನೆನೆಸ್ಕೊಂಡ್ರೇ ಹೊಟ್ಟೆ ತೊಳಸುತ್ತೆ. ಒಂದು ದಿನ ನಡ್ಕೊಂಡು ಹೋಗಿ ನಡ್ಕೊಂಡು ಬರ್ತೀನಿ, ಮನುಷ್ಯರ ಥರ."

ಅಲ್ಲಿಗೆ ಮಾತು ಮುಗಿಯಿತು. ಒಲ್ವೇರಾ ಕೈ ಒರೆಸಿಕೊಂಡು, ಬೀನ್ಸು ಬಹಳ ಚೆನ್ನಾಗಿತ್ತೆಂದು ಹೊಗಳಿ, ಮೂರು ಬಸ್ಸಿನ ಜನ ಬೇಕೆಂದು ಹೇಳಿ ಹೋದ.

ಗುರುವಾರದ ಹೊತ್ತಿಗೆ ಊರಿನ ಗುರುತೇ ಸಿಗದಂತಾಗಿತ್ತು. ಹೆದ್ದಾರಿಯಿಂದ ಆಸ್ಪತ್ರೆಯ ಗೇಟಿನವರೆಗೆ ಮಾತ್ರ ಡಾಂಬರು, ಅಲ್ಲಿಂದ ಮುಂದಕ್ಕೆ ಹಳೆಯ ಹೊಂಡಗಳು. ಹಸಿರು ಹುಲ್ಲನ್ನು ಚಾಪೆ ಬಿಚ್ಚಿದಂತೆ ಬಿಚ್ಚಿ ಹಾಸಿದ್ದರು. ದೊಡ್ಡ ಶಾಮಿಯಾನ, ಅದರೊಳಗೆ ತಣ್ಣನೆಯ ಗಾಳಿ ಊದುವ ಯಂತ್ರಗಳು, ಮನೆಯೆತ್ತರದ ಟಿ.ವಿ. ಪರದೆ, ಬ್ಯಾಂಡಿನವರು, ಮೇಲೆ ಜೇನ್ನೊಣದಂತೆ ಗುಂಯ್‌ಗುಡುತ್ತ ಚಿತ್ರ ತೆಗೆಯುವ ಡ್ರೋನು. ಗವರ್ನರ್ ಹೆಲಿಕಾಪ್ಟರಿನಿಂದ ಇಳಿದಾಗ ಎದ್ದ ಧೂಳಿಗೆ ಮುಂದಿನ ಸಾಲಿನ ಮುದುಕಿಯರ ಟೋಪಿ ಹಾರಿಹೋದವು. ತೊಮಾಸಾ ಕೈಯೆತ್ತಿದಳು. ಮೂರು ಬಸ್ಸಿನ ಜನ ಚಪ್ಪಾಳೆ ತಟ್ಟಿದರು.

ಒಳಗಿನದೆಲ್ಲ ಪರದೆಯ ಮೇಲೆ ಕಾಣುತ್ತಿತ್ತು. ಬಿಳಿ ಗೋಡೆ, ಸಾಲಾಗಿ ಹೊಳೆಯುವ ಯಂತ್ರಗಳು, ಕುರ್ಚಿಯಲ್ಲಿ ಒರಗಿದ ಎವರಾರ್ದೊ. ರಾಜಧಾನಿಯಿಂದ ಬಂದ ಹುಡುಗಿಯೊಬ್ಬಳು ಅವನ ಮುಖದ ಹಳದಿಯನ್ನು ಬಣ್ಣ ಬಳಿದು ಮುಚ್ಚಿದ್ದಳು, ಕೆನ್ನೆಗೆ ಕೆಂಪು ತೀಡಿದ್ದಳು. ಅವನ ತೋಳಿನಿಂದ ಯಂತ್ರಕ್ಕೆ ಹೋದ ಕೊಳವೆಯಲ್ಲಿ ಕೆಂಪಗೆ ತುಂಬಿತ್ತು. ಗವರ್ನರ್ ಅವನ ಕೈ ಹಿಡಿದುಕೊಂಡರು.

"ಹೇಗನ್ಸುತ್ತೆ ತಮ್ಮಾ?"

"ಹೊಸ ಜೀವ ಬಂತು ಸಾರ್," ಎಂದ ಎವರಾರ್ದೊ, ಹೇಳಿಕೊಟ್ಟಂತೆ.

"ಈವತ್ತಿನಿಂದ ಈ ಕಣಿವೆಯ ಒಬ್ಬ ರೋಗಿಯೂ ರಾಜಧಾನಿಗೆ ಅಲೆಯಬೇಕಾಗಿಲ್ಲ!" ಗವರ್ನರ್ ಕ್ಯಾಮೆರಾಕ್ಕೆ ಹೇಳಿದರು. ತೊಮಾಸಾ ಕೈಯೆತ್ತುವುದನ್ನೂ ಮರೆತು ಅಳುತ್ತಿದ್ದಳು. ಜನ ತಾವಾಗಿಯೇ ತಟ್ಟಿದರು.

ಹೆಲಿಕಾಪ್ಟರು ಮೇಲೆದ್ದಿತು, ಬ್ಯಾಂಡು ನಿಂತಿತು. ಬನ್ನು ಹಂಚುತ್ತಿರುವಾಗ ಆಸ್ಪತ್ರೆಯ ಹಿಂದಿನ ಗೇಟಿನಿಂದ ಟಾರ್ಪಾಲು ಹೊದಿಸಿದ ಲಾರಿಯೊಂದು ಹೊರಬಂತು. ಟಾರ್ಪಾಲಿನ ಸಂದಿಯಲ್ಲಿ ಯಂತ್ರಗಳು ಹೊಳೆದವು. ಇನ್ನೂ ಬಂದವಲ್ಲ, ಎಷ್ಟು ಮಿಷನ್ನು ಕಳಿಸಿದ್ದಾರಪ್ಪಾ ಎಂದುಕೊಂಡ ತೊಮಾಸಾ ಎರಡೂ ಕೈ ಎತ್ತಿಬಿಟ್ಟಳು. ಕೈಯಲ್ಲಿ ಬನ್ನಿದ್ದವರು ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಚಪ್ಪಾಳೆ ಹೊಡೆದರು. ಲಾರಿಯ ಡ್ರೈವರ್ ಗಾಬರಿಯಾಗಿ ನೋಡಿ, ಆಮೇಲೆ ಟೋಪಿ ತೆಗೆದು ನಮಸ್ಕರಿಸಿ, ಹೆದ್ದಾರಿಯ ಕಡೆ ತಿರುಗಿಸಿಕೊಂಡು ಹೋದ. ಆಗಲೂ ಅವಳಿಗೆ ಹೊಳೆಯಲಿಲ್ಲ. ಹೊಳೆದದ್ದು ಅದೇ ಗೇಟಿನಿಂದ ಮಗ ಗೋಡೆ ಹಿಡಿದುಕೊಂಡು ಬಂದಾಗ.

"ಆಯ್ತಾ ಮಗಾ?"

"ಏನಾಯ್ತಾ?"

"ಡಯಾಲಿಸಿಸ್ಸು."

"ಸೂಜೀನೇ ಚುಚ್ಚಲಿಲ್ಲಮ್ಮ. ಪೈಪನ್ನ ಟೇಪಲ್ಲಿ ಅಂಟಿಸಿದ್ರು. ಕುರ್ಚಿ ಬೇಕು ಎದ್ದೇಳಣ್ಣ, ನಾಳೆ ಇನ್ನೊಂದು ಊರಿದೆ ಅಂದ್ರು."

"ಮತ್ತೆ ಕೆಂಪಗೆ ಹರೀತಿತ್ತಲ್ಲೋ. ಪರದೆ ಮೇಲೆ ನಾನೇ ನೋಡ್ದೆ."

"ದಾಸವಾಳದ ಶರಬತ್ತು," ಎಂದ ಎವರಾರ್ದೊ. "ಬಣ್ಣ ಬಳಿದ ಹುಡುಗಿ ತುಂಬಿಸಿದ್ಳು. ಮಿಕ್ಕಿದ್ದನ್ನ ಅವಳೇ ಕುಡಿದ್ಳು. ನಂಗೆ ಬಾಯಾರಿಕೆ ಆಗಿತ್ತಮ್ಮ, ಕೇಳೋಕೆ ನಾಚಿಕೆ ಆಯ್ತು."

ಮರುದಿನ ಯೆಸೆನಿಯಾ ಗಂಡನನ್ನು ಬಸ್ಸು ಹತ್ತಿಸಿಕೊಂಡು ರಾಜಧಾನಿಗೆ ಹೋದಳು. ತೊಮಾಸಾನೂ ಜೊತೆಗೆ ಹೊರಟಳು. ಬೇಡವೆಂದು ಸೊಸೆ ಹೇಳಲಿಲ್ಲ, ಬಾ ಎಂದೂ ಹೇಳಲಿಲ್ಲ. ದೊಡ್ಡಾಸ್ಪತ್ರೆಯ ಕಿಟಕಿಯಲ್ಲಿ ಕೂತ ಹೆಂಗಸು ಎವರಾರ್ದೊನನ್ನು ನೋಡಿ ಅರಳಿದಳು.

"ಅಯ್ಯೋ, ನೀವೇ ಅಲ್ವಾ! ನೆನ್ನೆ ಟಿ.ವಿ.ಲಿ ನೋಡ್ದೆ. ಎಷ್ಟು ಲಕ್ಷಣವಾಗಿ ಕಾಣ್ತಿದ್ರಿ!"

"ನೆನ್ನೆ ಪಾಳಿ ತಪ್ಪಿದೆ ಮೇಡಂ," ಎಂದಳು ಯೆಸೆನಿಯಾ. "ಇವತ್ತು ಮಾಡ್ಕೊಡಿ."

"ತಪ್ಪಿದೆ ಅಂದ್ರೆ? ಅಲ್ಲಿ ಮಾಡಿದ್ರಲ್ಲ. ಇಡೀ ರಾಜ್ಯ ನೋಡಿದೆ."

"ಅದು ಶರಬತ್ತು!"

ಕಿಟಕಿಯ ಹೆಂಗಸು ಮೊದಲು ನಕ್ಕಳು, ಆಮೇಲೆ ಧ್ವನಿ ತಗ್ಗಿಸಿದಳು. "ನೋಡಿ ತಾಯಿ, ನಿಮ್ಮೂರಿನವರನ್ನೆಲ್ಲ ನಿಮ್ಮೂರಿಗೇ ವರ್ಗ ಮಾಡಿ ಅಂತ ಮೇಲಿಂದ ಹೇಳಿದ್ದಾರೆ. ಇವರ ಕುರ್ಚಿ ಬೇರೆಯವರಿಗೆ ಹೋಯ್ತು. ಅವರೂ ತಿಂಗಳುಗಟ್ಟಲೆ ಬಾಗ್ಲಲ್ಲಿ ಕಾದವ್ರೇ. ಎಬ್ಬಿಸು ಅಂತೀರಾ?"

"ನಮ್ಮೂರಲ್ಲಿ ಮಿಷನ್ನೇ ಇಲ್ಲ!"

"ಗವರ್ನರ್ ಸುಳ್ಳು ಹೇಳಿದ್ರು ಅಂತ ನಾನು ಬರ್ಕೊಳ್ಲಾ?"

ಯೆಸೆನಿಯಾ ಅತ್ತೆಯ ಕಡೆ ತಿರುಗಿದಳು. "ಹೇಳಿ ಅತ್ತೆ. ನೀವೇ ಹೇಳಿ, ದೊಡ್ಡವರೆಲ್ಲ ನಿಮಗೆ ಗೊತ್ತಲ್ಲ." ತೊಮಾಸಾ ಒಲ್ವೇರಾನ ಹೆಸರು ಹೇಳಿದಳು. ಅಂಥ ಹೆಸರು ಆ ಕಿಟಕಿ ದಿನಕ್ಕೆ ಹತ್ತು ಕೇಳುತ್ತಿತ್ತು.

ಆ ದಿನ ಹಾಗೇ ಮರಳಿದರು. ಭಾನುವಾರ ಎವರಾರ್ದೊನಿಗೆ ಉಸಿರು ಕಟ್ಟಿತು. ಪಕ್ಕದವರ ವ್ಯಾನಿನಲ್ಲಿ ಹಾಕಿಕೊಂಡು ಮತ್ತೆ ರಾಜಧಾನಿಗೆ ಓಡಿದರು. ಎಮರ್ಜೆನ್ಸಿಯಲ್ಲಿದ್ದ ಡಾಕ್ಟರ್ ಹುಡುಗ ಒಳ್ಳೆಯವನು, ಒಂದು ಸಲ ರಕ್ತ ತೊಳೆಸಿ ಕಳಿಸಿದ. "ಇನ್ನೊಂದು ಸಲ ಹೀಗೇ ಉಸಿರು ಕಟ್ಟಿದ ಮೇಲೆ ಕರ್ಕೊಂಡು ಬನ್ನಿ," ಎಂದು ತಗ್ಗಿದ ದನಿಯಲ್ಲಿ ಹೇಳಿದ. "ಕಟ್ಟೋಕೆ ಮುಂಚೆ ಬಂದ್ರೆ ನಾನೇನೂ ಮಾಡೋಕಾಗಲ್ಲ."

ಹೀಗೆ ಆ ಮನೆ ಉಸಿರು ಕಟ್ಟುವುದನ್ನು ಕಾಯತೊಡಗಿತು.

ಯೆಸೆನಿಯಾ ಅಂಗಳದಲ್ಲಿ ಮೂರು ಇಟ್ಟಿಗೆ ಇಟ್ಟು ಬೇರೆ ಒಲೆ ಹೂಡಿದಳು. ಗಂಡನ ಅಡುಗೆ ಅದರ ಮೇಲೆ. ಉಪ್ಪಿಲ್ಲದ ಅನ್ನ, ಎರಡು ಸಲ ಬೇಯಿಸಿ ನೀರು ಚೆಲ್ಲಿದ ಪಾಪಾಸುಕಳ್ಳಿ ಎಲೆಯ ಪಲ್ಯ. ಅತ್ತೆಯ ಒಲೆಯ ಬೀನ್ಸು ಅವನ ಕೆಟ್ಟ ಕಿಡ್ನಿಗೆ ವಿಷ, ಅತ್ತೆಯ ಟೊಮೆಟೊ ಗೊಜ್ಜು ವಿಷ. ತೊಮಾಸಾ ಮೊದಲ ದಿನ ತನ್ನ ಪಾತ್ರೆಯನ್ನು ಆ ಒಲೆಯ ಪಕ್ಕ ತಂದಿಟ್ಟಳು. ಸೊಸೆ ಅದನ್ನೆತ್ತಿ ಒಳಗಿಟ್ಟು ಬಂದಳು.

"ಒಂದೇ ಮನೆಲಿ ಎರಡು ಬೆಂಕಿ ಯಾಕೆ ಯೆಸೆನಿಯಾ? ಕಟ್ಟಿಗೆ ದಂಡ."

"ನಿಮ್ಮ ಒಲೆ ಮುಂದೆ ಸಾಹೇಬ್ರು ಕೂತ್ಕೊಳ್ತಾರಲ್ಲ ಅತ್ತೆ. ಜಾಗ ಸಾಲಲ್ಲ."

ಎವರಾರ್ದೊನಿಗೆ ನೀರು ಅಳೆದು ಕೊಡಬೇಕು. ಪುಟ್ಟ ಲೋಟದಲ್ಲಿ ಮಂಜುಗಡ್ಡೆಯ ಚೂರು. ಅದನ್ನೇ ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಆಮೇಲೆ ಮಂಜುಗಡ್ಡೆಯೂ ಇಲ್ಲವಾಯಿತು. ಖಾಸಗಿ ಕ್ಲಿನಿಕ್ಕಿನಲ್ಲಿ ಎರಡು ಸಲ ರಕ್ತ ತೊಳೆಸುವಷ್ಟರಲ್ಲಿ ಫ್ರಿಜ್ಜು ಹೋಯಿತು, ಅವನ ಮೋಟರ್‌ಸೈಕಲ್ಲು ಹೋಯಿತು, ಇಟ್ಟಿಗೆ ಅಚ್ಚುಗಳು ಹೋದವು. ಅಚ್ಚುಗಳನ್ನು ಹೊರಗೆ ಸಾಗಿಸುವಾಗ ಅವನು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮೊಮ್ಮಗಳು ಆರೆಲಿ ಸ್ಕೂಲು ಬಿಟ್ಟು, ಅದೇ ಸ್ಕೂಲಿನ ಗೇಟಿನಲ್ಲಿ ತಾಯಿಯ ಪಕ್ಕ ಹಣ್ಣು ಮಾರಲು ಕೂತಳು. ಹದಿನೈದರ ಹುಡುಗಿ, ನಾಲಿಗೆ ಮೆಣಸಿನಕಾಯಿ.

"ಅಜ್ಜೀ, ಅಪ್ಪನ ಕೈ ಹಿಡಿಯೋಕೆ ಹೆಲಿಕಾಪ್ಟರಲ್ಲಿ ಬಂದಿದ್ರಲ್ಲ. ಅದರ ಪೆಟ್ರೋಲಿನ ದುಡ್ಡಲ್ಲಿ ಅಪ್ಪನ ರಕ್ತ ಎಷ್ಟು ಸಲ ತೊಳೀಬೋದಿತ್ತು?"

"ನಂಗೇನು ಗೊತ್ತೇ. ನಾನೇನು ಹೆಲಿಕಾಪ್ಟರ್ ಓಡಿಸ್ತೀನಾ?"

"ಓಡಿಸ್ತೀಯ. ನೀನು ಕೈ ಎತ್ತಿದ್ರೆ ತಾನೆ ಅದು ಇಳಿಯೋದು."

ತೊಮಾಸಾ ಹುಡುಗಿಯ ಕೆನ್ನೆಗೆ ಬಾರಿಸಿದಳು. ಆರೆಲಿ ಅಳಲಿಲ್ಲ. "ಚಪ್ಪಾಳೆ ಒಂದೇ ಕೈಲಿ ಹೊಡೆದ್ಯಲ್ಲಜ್ಜಿ," ಎಂದು ಹಣ್ಣಿನ ಬುಟ್ಟಿ ಎತ್ತಿಕೊಂಡು ಹೋದಳು.

ಒಲ್ವೇರಾನ ಕಚೇರಿಗೆ ತೊಮಾಸಾ ದಿನಾ ಹೋಗಿ ಕೂತಳು. ಮೊದಲೆಲ್ಲ ನೇರ ಒಳಗೆ ಹೋಗುತ್ತಿದ್ದವಳು ಈಗ ಬಾಗಿಲ ಬೆಂಚಿನ ಮೇಲೆ. ಕೊನೆಗೊಮ್ಮೆ ಕರೆದ.

"ಮಿಷನ್ ವಾಪಸ್ ತರಿಸಿ ಸಾಹೇಬ್ರೆ. ಒಂದೇ ಒಂದು ಸಾಕು."

"ಅವು ನಮ್ಮವಲ್ಲಮ್ಮ. ಬಾಡಿಗೆಗೆ ತಂದಿದ್ದು."

"ಬಾಡಿಗೆ ಕೊಟ್ಟ ದುಡ್ಡಲ್ಲಿ ಒಂದನ್ನ ಕೊಂಡ್ಕೋಬೋದಿತ್ತಲ್ಲ. ಆ ಶಾಮಿಯಾನ, ಆ ಪರದೆ, ಆ ಹುಲ್ಲು..."

ಒಲ್ವೇರಾ ಮಗುವಿಗೆ ಪಾಠ ಹೇಳುವವನಂತೆ ತನ್ನ ಕೋಟಿನ ಎರಡು ಜೇಬನ್ನೂ ತಟ್ಟಿ ತೋರಿಸಿದ. "ಇದು ಪ್ರಚಾರದ ಜೇಬು. ಇದು ಆರೋಗ್ಯದ ಜೇಬು. ಇದರಲ್ಲಿ ದುಡ್ಡಿದೆ, ಇದರಲ್ಲಿಲ್ಲ. ಇದರಿಂದ ಅದಕ್ಕೆ ಹಾಕಿದ್ರೆ ಕಾನೂನು ಹಿಡಿಯುತ್ತೆ."

"ಕೋಟು ಒಂದೇ ಅಲ್ವಾ ಸಾಹೇಬ್ರೆ? ಹೊಲಿಸಿದ್ದು ನಮ್ಮ ದುಡ್ಡಲ್ಲಿ ಅಲ್ವಾ?"

ಇಷ್ಟು ವರ್ಷದಲ್ಲಿ ಮೊದಲ ಸಲ ಅವಳು ಅವನಿಗೆ ಎದುರು ಮಾತಾಡಿದ್ದಳು. ಒಲ್ವೇರಾ ಗಡಿಯಾರ ನೋಡಿಕೊಂಡ.

ಅಷ್ಟರಲ್ಲಿ ಊರ ಬಾಗಿಲಲ್ಲಿ, ಬಸ್ಸು ನಿಲ್ಲುವಲ್ಲಿ, ದೊಡ್ಡ ಫಲಕ ಎದ್ದಿತು. ಗವರ್ನರ್ ಕೈಯಲ್ಲಿ ಎವರಾರ್ದೊನ ಕೈ. ಕೆಂಪು ಕೆನ್ನೆ, ಬಿಳಿ ಹಲ್ಲು. 'ಆರೋಗ್ಯ ಮನೆಗೆ ಬಂತು.' ಇಂಥದೇ ಫಲಕ ಹೆದ್ದಾರಿಯುದ್ದಕ್ಕೂ ನಿಂತಿವೆ ಎಂದರು ಬಸ್ಸಿನವರು. ಉಸಿರು ಮತ್ತೆ ಭಾರವಾದ ದಿನ ಎವರಾರ್ದೊ ಹೆಂಡತಿಯ ಹೆಗಲಿಗೆ ಒರಗಿ ಅದೇ ಫಲಕದ ನೆರಳಲ್ಲಿ ಬಸ್ಸಿಗೆ ಕಾದ. ಪಕ್ಕದಲ್ಲಿ ನಿಂತ ಪರವೂರಿನ ಮುದುಕ ಮೇಲೆ ನೋಡಿ ನಿಟ್ಟುಸಿರಿಟ್ಟ: "ಪುಣ್ಯವಂತ ನೋಡಿ. ಒಬ್ಬೊಬ್ಬರ ಹಣೆಬರಹ." ಆಮೇಲೆ ಎವರಾರ್ದೊನ ಊದಿದ ಮುಖ ನೋಡಿ ಕನಿಕರದಿಂದ ಹೇಳಿದ: "ನೀವೂ ಅಲ್ಲಿಗೇ ಹೋಗಿ ತಮ್ಮಾ. ಚೆನ್ನಾಗಿ ನೋಡ್ತಾರಂತೆ."

ಎವರಾರ್ದೊ ನಗಲು ಹೋದ, ಕೆಮ್ಮು ಬಂತು. ಕೆಮ್ಮಿದ್ದರಲ್ಲಿ ನೊರೆಯಿತ್ತು.

ಆ ಸಲವೂ ಎಮರ್ಜೆನ್ಸಿಯ ಹುಡುಗ ಡಾಕ್ಟರ್ ಉಳಿಸಿದ. ಆದರೆ ಮುಂದಿನ ತಿಂಗಳಿಂದ ತನಗೆ ಬೇರೆ ಊರಿಗೆ ವರ್ಗವಾಗಿದೆ ಎಂದ.

ಒಲ್ವೇರಾ ತಾನಾಗಿಯೇ ಮನೆಗೆ ಬಂದದ್ದು ಅದಾದ ಮೇಲೆ. ಈ ಸಲ ಅವನಿಗೆ ಯಾರೂ ಊಟಕ್ಕೆ ಹೇಳಲಿಲ್ಲ. ತಾನೇ ಸ್ಟೂಲು ಎಳೆದುಕೊಂಡು ಕೂತ.

"ಭಾನುವಾರ ರಾಜಧಾನಿ ಸ್ಟೇಡಿಯಮ್ಮಲ್ಲಿ ಗವರ್ನರ್ ತಮ್ಮ ವರ್ಷದ ಸಾಧನೆ ಹೇಳ್ತಾರೆ. ಇಡೀ ದೇಶಕ್ಕೆ ಟಿ.ವಿ. ನಾಲ್ಕು ಬಸ್ಸು ತುಂಬಿಸ್ಬೇಕು ದೊನ್ಯಾ ತೊಮಾಸಾ. ಮತ್ತೆ ನಮ್ಮ ಎವರಾರ್ದೊ ವೇದಿಕೆ ಮೇಲೆ ಎರಡು ಮಾತು..."

"ಎತ್ಕೊಂಡು ಹೋಗಿ," ಎಂದಳು ಯೆಸೆನಿಯಾ. "ಒಳಗೆ ಮಲಗಿದಾರೆ. ಎದ್ದು ನಿಂತ್ರೆ ಬೀಳ್ತಾರೆ. ಬಿದ್ರೂ ಬಣ್ಣ ಬಳೀತೀರಲ್ಲ, ಬಳ್ಕೊಳಿ."

ಒಲ್ವೇರಾ ಒಳಗೆ ಇಣುಕಿ ನೋಡಿದ. ಮುಖ ಸಣ್ಣಗಾಯಿತು. ಆದರೆ ಅದು ಅವನ ಕಸುಬು. "ಹಾಗಾದ್ರೆ ತಾಯಿ ಮಾತಾಡ್ಲಿ. ತಾಯಿ ಮಾತಾಡಿದ್ರೆ ಇನ್ನೂ ಚೆನ್ನ. ಸೋಮವಾರದಿಂದ ದೊಡ್ಡಾಸ್ಪತ್ರೆಲಿ ನಿಮ್ಮ ಮಗನ ಕುರ್ಚಿ ವಾಪಸ್. ನನ್ನ ಮಾತು. ಆಮೇಲೂ ಬಾಯಿ ಮುಚ್ಕೊಂಡಿದ್ರೆ ಕುರ್ಚಿ ಇರುತ್ತೆ. ಬಾಯಿ ಬಿಟ್ರೆ ಹೋಗುತ್ತೆ."

ಅವನು ಹೋದ ಮೇಲೆ ಯೆಸೆನಿಯಾ ಮೊದಲ ಸಲ ಅತ್ತೆಯ ಒಲೆಯ ಮುಂದೆ ಬಂದು ಕೂತಳು.

"ಬೈತೀಯೇನೋ ಅಂದ್ಕೊಂಡೆ," ಎಂದಳು ತೊಮಾಸಾ.

"ಬೈಯೋಕೆ ಶಕ್ತಿ ಎಲ್ಲಿದೆ ಅತ್ತೆ. ಹೋಗಿ ಹೇಳಿ. ಏನು ಹೇಳು ಅಂತಾರೋ ಅದನ್ನ ಹೇಳಿ. ಚೆನ್ನಾಗಿ ಹೇಳಿ."

"ಬೇಡಮ್ಮ," ಒಳಗಿನಿಂದ ಎವರಾರ್ದೊನ ಸಣ್ಣ ಧ್ವನಿ ಬಂತು. "ನಾನು ಹೇಳಿದ್ದೇ ಸಾಕಾಗಿದೆ."

"ನೀನು ಸುಮ್ನಿರೋ," ಎಂದರು ಇಬ್ಬರೂ ಒಟ್ಟಿಗೆ.

ನಾಲ್ಕು ಬಸ್ಸು ತುಂಬಿಸುವುದು ಈ ಸಲ ಸುಲಭವಾಗಲಿಲ್ಲ. ಬಾಗಿಲು ಬಾಗಿಲಿಗೆ ಹೋದಳು. ನಿನ್ನ ಮಗನ ಕಥೆ ಗೊತ್ತಿದ್ದೂ ಬರಬೇಕೇನೆ ಎಂದು ಕೇಳಿದವರಿಗೆ, ನನ್ನ ಮಗನಿಗಾಗಿಯೇ ಬನ್ನಿ ಎಂದು ಕಾಲು ಹಿಡಿದಳು. ಬಂದರು. ಅವಳನ್ನು ನೋಡಲಾರದೆ ಬಂದರು.

ಸ್ಟೇಡಿಯಮ್ಮಿನ ದೀಪಗಳ ಕೆಳಗೆ ತೊಮಾಸಾ ಚೆನ್ನಾಗಿಯೇ ಹೇಳಿದಳು. ಬರೆದುಕೊಟ್ಟದ್ದಕ್ಕಿಂತ ಚೆನ್ನಾಗಿ ಹೇಳಿದಳು. ಸಾನ್ ಬಾರ್ತೊಲೊದ ಆಸ್ಪತ್ರೆಯಲ್ಲಿ ಹಗಲೂ ರಾತ್ರಿ ಯಂತ್ರ ತಿರುಗುತ್ತವೆ, ಬಡವರಿಗೆ ಒಂದು ಪೆಸೊ ಖರ್ಚಿಲ್ಲ, ಊರಿನವರಿಗಷ್ಟೇ ಅಲ್ಲ ಸುತ್ತಿನವರಿಗೂ ಜಾಗವಿದೆ, ನನ್ನ ಮಗ ಮತ್ತೆ ಇಟ್ಟಿಗೆ ಹೊಯ್ಯುತ್ತಿದ್ದಾನೆ ಎಂದಳು. ಇಟ್ಟಿಗೆಯ ಮಾತು ಬಂದಾಗ ಅತ್ತಳು. ಕಣ್ಣೀರು ನಿಜವಾದದ್ದು. ಕ್ಯಾಮೆರಾ ಅದನ್ನು ಹತ್ತಿರಕ್ಕೆ ಎಳೆದುಕೊಂಡಿತು. ಅವಳು ಬಸ್ಸಿನಲ್ಲಿ ತಂದ ಜನ, ಎಲ್ಲ ಬಲ್ಲ ಜನ, ಮೊದಲಿಗೆ ಕೈ ಅಲುಗಿಸಲಿಲ್ಲ. ತೊಮಾಸಾ ವೇದಿಕೆಯ ಮೇಲಿಂದಲೇ ಕೈ ಎತ್ತಿದಳು, ಎರಡೂ ಕೈ, ಬೇಡುವವಳಂತೆ. ಆಗ ತಟ್ಟಿದರು.

ಒಲ್ವೇರಾ ಮಾತು ಉಳಿಸಿಕೊಂಡ. ಸೋಮವಾರ ದೊಡ್ಡಾಸ್ಪತ್ರೆಯಲ್ಲಿ ಕಿಟಕಿಯ ಹೆಂಗಸು ಎವರಾರ್ದೊನ ಹೆಸರನ್ನು ತಾನಾಗಿಯೇ ಕೂಗಿದಳು. ಗೋಡೆಯ ಪಕ್ಕದ ಕುರ್ಚಿ. ಸೂಜಿ ಚುಚ್ಚಿದಾಗ ಅವನು ಮುಖ ಕಿವಿಚಿದ್ದು ನೋಡಿ ಯೆಸೆನಿಯಾಗೆ ನಗು ಬಂತು, ಅಳುವೂ ಬಂತು. ಕೊಳವೆಯಲ್ಲಿ ರಕ್ತ ಹರಿಯಿತು, ಕಪ್ಪಗೆ, ಗಟ್ಟಿಯಾಗಿ, ಶರಬತ್ತಿನ ಹಾಗಿಲ್ಲದೆ. "ನೀವು ಹೊರಗೆ ಹೋಗಿ ಏನಾದ್ರೂ ತಿನ್ನಿ ಅತ್ತೆ," ಎಂದಳು ಸೊಸೆ. ಅಷ್ಟು ವಾರಗಳಲ್ಲಿ ಅದೊಂದು ಮೆತ್ತನೆಯ ಮಾತು.

ಹೊರಗಿನ ಮೊಗಸಾಲೆಯಲ್ಲಿ ಗಾಲಿಕುರ್ಚಿಯಲ್ಲಿ ಒಬ್ಬ ಗಂಡಸು ಕೂತಿದ್ದ. ಕಾಲು ಊದಿ ಚರ್ಮ ಮಿಂಚುತ್ತಿತ್ತು. ಪಕ್ಕದಲ್ಲಿ ನಿಂತ ಹೆಂಗಸು, ವಯಸ್ಸು ಯೆಸೆನಿಯಾಳಷ್ಟೇ, ತೊಮಾಸಾಳನ್ನು ನೋಡಿ ಓಡಿಬಂದು ಕೈ ಹಿಡಿದುಕೊಂಡಳು.

"ಅಮ್ಮಾ, ನೀವೇ ಅಲ್ವಾ? ನೆನ್ನೆ ಟಿ.ವಿ.ಲಿ ಮಾತಾಡಿದ್ದು ನೀವೇ ಅಲ್ವಾ? ನೀವು ಅಳ್ತಿದ್ರೆ ನಾನೂ ಅತ್ತೆ." ಅವರು ಲಾ ನೋರಿಯಾದವರು, ಕಣಿವೆಯ ಆಚೆ ಬದಿ. "ಇವರಿಗೆ ಈ ಹೊತ್ತಿನ ಪಾಳಿ ಇತ್ತು. ಗೋಡೆ ಪಕ್ಕದ ಕುರ್ಚಿ. ಈಗ ಬಂದ್ರೆ ಇಲ್ಲ ಅಂದ್ರು. ಇನ್ಮೇಲೆ ಸಾನ್ ಬಾರ್ತೊಲೊಗೆ ಹೋಗಿ, ಅಲ್ಲಿ ಸುತ್ತಿನವರಿಗೂ ಜಾಗ ಇದೆಯಂತೆ ಅಂದ್ರು. ಟ್ಯಾಕ್ಸಿ ಮಾಡಿದೀನಮ್ಮಾ. ಇದ್ದದ್ದೆಲ್ಲ ಹಾಕಿ ಮಾಡಿದೀನಿ. ಅಲ್ಲಿ ಯಾರನ್ನ ಕೇಳ್ಬೇಕು, ಅದೊಂದು ಹೇಳಿ."

ಕಿಟಕಿಯ ಹೆಂಗಸು ಕತ್ತು ಚಾಚಿ ಇತ್ತಲೇ ನೋಡುತ್ತಿದ್ದಳು. ಒಳಗೆ, ಗೋಡೆಯ ಆಚೆ, ಮಗನ ರಕ್ತ ತಿರುಗುತ್ತಿತ್ತು.

"ಹೋಗ್ಬೇಡ," ಎಂದಳು ತೊಮಾಸಾ, ಉಸಿರಿನಲ್ಲಿ.

"ಏನಂದ್ರಿ?"

"ಹೋಗ್ಬೇಡ ತಾಯಿ. ಅಲ್ಲಿ ಏನೂ ಇಲ್ಲ. ಬೀಗ ಹಾಕಿದೆ. ಮಿಷನ್ನೂ ಇಲ್ಲ, ಡಾಕ್ಟರೂ ಇಲ್ಲ."

ಹೆಂಗಸು ಕೈ ಬಿಟ್ಟಳು. ಅವಳ ಮುಖದ ಭಕ್ತಿ ಸರಿದು ಇನ್ನೊಂದು ಬಂತು. "ನೆನ್ನೆ ಹಗಲೂ ರಾತ್ರಿ ತಿರುಗುತ್ತೆ ಅಂದ್ರಿ."

"ಸುಳ್ಳು ಹೇಳ್ದೆ."

"ಅತ್ತಿದ್ದೂ ಸುಳ್ಳಾ?"

"ಅಳು ನಿಜ. ಮಾತು ಸುಳ್ಳು. ಮಗನ ಕುರ್ಚಿಗೋಸ್ಕರ ಹೇಳ್ದೆ. ಒಳಗೆ ನೋಡು ಬೇಕಾದ್ರೆ, ನನ್ನ ಮಗ ಅಲ್ಲೇ ಇದಾನೆ, ನಿನ್ನ ಗಂಡನ..."

ಹೆಂಗಸು ಅರ್ಥವಾದವಳಂತೆ ತಲೆಯಾಡಿಸಿದಳು, ಆದರೆ ಅರ್ಥವಾದದ್ದು ಬೇರೆ. "ಗೊತ್ತಾಯ್ತು ಬಿಡಿ. ಅಲ್ಲೂ ನಿಮಗೆ, ಇಲ್ಲೂ ನಿಮಗೆ. ಎರಡು ಕಡೆ ಹಿಡ್ಕೊಂಡು ಕೂತಿದ್ದೀರ. ನಾವು ಬಂದ್ರೆ ನಿಮ್ಮೂರಲ್ಲಿ ಜಾಗ ಕಮ್ಮಿ ಆಗುತ್ತೆ ಅಂತ ಅಲ್ವಾ?" ಗಾಲಿಕುರ್ಚಿಯನ್ನು ತಿರುಗಿಸಿ ಬಾಗಿಲ ಕಡೆ ದೂಡಿದಳು.

ತೊಮಾಸಾ ಹಿಂದೆ ಓಡಿದಳು. ಮೆಟ್ಟಿಲ ಕೆಳಗೆ ಟ್ಯಾಕ್ಸಿ ನಿಂತಿತ್ತು. ಡ್ರೈವರ್ ಮತ್ತು ಹೆಂಗಸು ಸೇರಿ ರೋಗಿಯನ್ನು ಹಿಂದಿನ ಸೀಟಿಗೆ ಎತ್ತಿ ಹಾಕಿದರು. "ಮೂರು ಗಂಟೆ ದಾರಿ ಕಣೇ!" ತೊಮಾಸಾ ಕಿರುಚಿದಳು. "ಅಷ್ಟೊತ್ತು ತಡ್ಕೊಳಲ್ಲ ಅವನು. ಹೋಗಿ ಬೀಗ ನೋಡಿ ವಾಪಸ್ ಬರೋಕಾಗಲ್ಲ. ಇಲ್ಲೇ ಎಮರ್ಜೆನ್ಸಿ ಬಾಗ್ಲಲ್ಲಿ ಕೂತ್ಕೊ, ಕೂಗಾಡು, ನಾನೂ ಕೂತ್ಕೊಳ್ತೀನಿ."

"ನಡೀಪ್ಪಾ," ಎಂದಳು ಹೆಂಗಸು ಡ್ರೈವರಿಗೆ. "ಸಾನ್ ಬಾರ್ತೊಲೊ."

ತೊಮಾಸಾ ಟ್ಯಾಕ್ಸಿಯ ಮುಂದೆ ಹೋಗಿ ನಿಂತು ಎರಡೂ ಅಂಗೈಯನ್ನು ಅದರ ಮೂತಿಯ ಮೇಲೆ ಊರಿದಳು. ಕಬ್ಬಿಣ ಸುಡುತ್ತಿತ್ತು. ಡ್ರೈವರ್ ಹಾರ್ನ್ ಒತ್ತಿದ. ಜನ ಸೇರತೊಡಗಿದರು.

"ಆಸ್ಪತ್ರೆ ಇಲ್ಲ!" ಅವಳು ಕೂಗಿದಳು. "ನಮ್ಮೂರಲ್ಲಿ ಆಸ್ಪತ್ರೆ ಇಲ್ಲ! ನಾನು ಹೇಳಿದ್ದೆಲ್ಲ ಸುಳ್ಳು!"

"ಹುಚ್ಚಮ್ಮಾ, ಸರಿ ಆ ಕಡೆ," ಎಂದು ಯಾರೋ ನಕ್ಕರು. ಇನ್ಯಾರೋ ಗುರುತು ಹಿಡಿದರು, ಟಿ.ವಿ.ಯ ಅಮ್ಮ ಕಣ್ರೋ ಎಂದರು, ಫೋನು ಹೊರತೆಗೆದರು. ಮೆಟ್ಟಿಲ ಮೇಲೆ ಕಿಟಕಿಯ ಹೆಂಗಸು ಬಂದು ನಿಂತಿದ್ದಳು, ಅವಳ ಕಿವಿಯಲ್ಲೂ ಫೋನಿತ್ತು. ಆ ಫೋನು ಯಾರಿಗೆ ಹೋಗುತ್ತಿದೆ, ಆಚೆಯಿಂದ ಏನು ಹೇಳುತ್ತಾರೆ, ಗೋಡೆಯ ಪಕ್ಕದ ಕುರ್ಚಿಗೆ ಇನ್ನೆಷ್ಟು ಹೊತ್ತು ಉಳಿದಿದೆ ಎಂಬುದೆಲ್ಲ ತೊಮಾಸಾಳಿಗೆ ಗೊತ್ತಿತ್ತು. ಗಾಜಿನ ಆಚೆ ರೋಗಿಯ ಬಾಯಿ ತೆರೆದೇ ಇತ್ತು, ಗಾಳಿ ಸಾಲದ ಬಾಯಿ.

ಹಾರ್ನು ನಿಲ್ಲಲಿಲ್ಲ. ಟ್ಯಾಕ್ಸಿ ಒಂದು ಗೇಣು ಮುಂದೆ ಬಂದು ಅವಳ ಮೊಣಕಾಲಿಗೆ ತಾಗಿತು. ಅವಳು ಕೈ ಎತ್ತಲಿಲ್ಲ, ಕದಲಲಿಲ್ಲ.